ಸಂಬಳದ ಖರ್ಚಿಗೆ ಕತ್ತರಿ ಹಾಕಿದ ಹೋಟೆಲ್ ಧಣಿಗಳಿಗೆ

ಮಾನ್ಯ ಧಣಿಗಳೇ,

ಕಳೆದ ತಿಂಗಳು ಒಬ್ಬ ಕ್ಲೀನರ್, ಒಬ್ಬ ಸಪ್ಲೈಯರ್ ಇಬ್ಬರನ್ನೂ ಊರಿನ ಬಸ್ಸು ಹತ್ತಿಸಿ 'ಲೇಬರ್ ಕಾಸ್ಟ್' ಇಳಿಸಿದ್ದಕ್ಕೆ ಅಭಿನಂದನೆಗಳು. ನಿಮ್ಮ ಹೆಸರು ಇಲ್ಲಿ ಬರೆಯುವುದಿಲ್ಲ. ಬೆಂಗಳೂರಿನ ಯಾವ ರಸ್ತೆಯಲ್ಲಿ ಈ ಪತ್ರ ಓದಿದರೂ ಯಾರಾದರೊಬ್ಬ ಮಾಲೀಕರು ಇದು ತಮಗೇ ಬಂದದ್ದೆಂದು ತಿಳಿಯುತ್ತಾರೆ, ಅಂಚೆಖರ್ಚೂ ಉಳಿಯಿತು.

ನಿಮ್ಮ ಲೆಕ್ಕ ಸರಳ. ತಿಂಗಳಿಗೆ 20 ಲಕ್ಷ ವ್ಯಾಪಾರ, 5 ಲಕ್ಷ ಸಂಬಳ, ಅಲ್ಲಿಗೆ ಶೇ. 25. ಇಬ್ಬರು ಹೋಗಿ ಸಂಬಳ 4.60 ಲಕ್ಷವಾದರೆ ಶೇ. 23. ಗಲ್ಲಾದಲ್ಲಿ ಲಡ್ಡು ಹಂಚಿದಿರಿ. ಆದರೆ ಭಾಗಾಕಾರದ ಕೆಳಗಿನ ಅಂಕಿಗೂ ಕಾಲಿದೆ, ಅದು ಎದುರಿನ ಹೋಟೆಲಿಗೆ ನಡೆದು ಹೋಗಬಲ್ಲದು. ವ್ಯಾಪಾರ 18 ಲಕ್ಷಕ್ಕೆ ಇಳಿದರೆ ಸಾಕು, ಅದೇ 4.60 ಲಕ್ಷ ಮತ್ತೆ ಶೇ. 25 ದಾಟುತ್ತದೆ. ಆಗ ನೀವು ಇನ್ನೊಬ್ಬನಿಗೆ ಬಸ್ ಟಿಕೆಟ್ ತೆಗೆಸುತ್ತೀರಿ. ಹೀಗೇ ಮುಂದುವರಿದರೆ ಒಂದು ದಿನ ಸಂಬಳವೂ ಸೊನ್ನೆ, ವ್ಯಾಪಾರವೂ ಸೊನ್ನೆ. ಖರ್ಚೇ ಇಲ್ಲದ ಹೋಟೆಲನ್ನು ಈ ಊರು ಇನ್ನೂ ಕಂಡಿಲ್ಲ.

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಒಮ್ಮೆ ಗಲ್ಲಾ ಬಿಟ್ಟು ಒಳಗೆ ಬನ್ನಿ. ಕಾವಲಿಯ ಮೇಲೆ ಹನ್ನೆರಡು ದೋಸೆ ಕೆಂಪಗಾಗಿವೆ. ಭಟ್ಟರು ಮೊಗಚೆಕಾಯಿ ಹಿಡಿದು ನಿಂತಿದ್ದಾರೆ, ಯಾಕೆಂದರೆ ತೊಳೆದ ತಟ್ಟೆ ಇಲ್ಲ. ತಟ್ಟೆ ಸಿಂಕಿನಲ್ಲಿದೆ, ತೊಳೆಯುವವನು ಊರಿನಲ್ಲಿದ್ದಾನೆ. ಉಳಿದ ಸಪ್ಲೈಯರು ಒಂದು ಕೈಯಲ್ಲಿ ಟೇಬಲ್ ಒರೆಸುತ್ತ ಇನ್ನೊಂದರಲ್ಲಿ ಸಾಂಬಾರ್ ಬಡಿಸುತ್ತಿದ್ದಾನೆ. ನೀವು ಉಳಿಸಿದ್ದು ಕ್ಲೀನರನ ಸಂಬಳ, ಸುಮ್ಮನೆ ನಿಲ್ಲಿಸಿದ್ದು ಇಡೀ ಹೋಟೆಲಿನಲ್ಲೇ ಹೆಚ್ಚು ಸಂಬಳದ ದೋಸೆ ಭಟ್ಟರನ್ನು.

ಇನ್ನು ಆ ಸಂಬಳದ ವಿಷಯ. ತಲೆಗೆ 20,000 ಎಂದು ಬರೆಸಿದ್ದೀರಿ. 15,000ದ ಮಿತಿಯ ಮೇಲೆ ಪಿಎಫ್‌ನ ನಿಮ್ಮ ಪಾಲು ಶೇ. 12, ಅಂದರೆ 1,800. ಇಎಸ್‌ಐ ಶೇ. 3.25ರಂತೆ 650. ವರ್ಷಕ್ಕೆ ಹದಿನೈದು ದಿನದ ಸಂಬಳದ ಲೆಕ್ಕದಲ್ಲಿ ಗ್ರಾಚ್ಯುಟಿಗೆ ತಿಂಗಳಿಗೆ ಸುಮಾರು 960 ತೆಗೆದಿಡಬೇಕು. ಅಲ್ಲಿಗೇ 23,400 ದಾಟಿತು. ಬೋನಸ್ಸು, ಎರಡು ಹೊತ್ತಿನ ಊಟ, ರೂಮಿನ ಬಾಡಿಗೆ ಇನ್ನೂ ಹೊರಗೇ ನಿಂತಿವೆ. ಹಾಗಾದರೆ ಉಳಿತಾಯ ನಾನೆಣಿಸಿದ್ದಕ್ಕಿಂತ ಹೆಚ್ಚಾಯಿತಲ್ಲ ಎಂದು ಕುಣಿಯಬೇಡಿ. ದೀಪಾವಳಿಗೆ ಮುಂಚೆ ಹೊಸ ಹುಡುಗರನ್ನು ಹುಡುಕುತ್ತೀರಿ. ಕರೆತಂದವನಿಗೆ ಕಮಿಷನ್ನು, ಬಂದವನಿಗೆ ಅಡ್ವಾನ್ಸು, ಯಾವ ಟೇಬಲಿಗೆ ಯಾವ ನಂಬರು ಎಂದು ತಿಳಿಯುವವರೆಗೆ ಅವನು ಮಾಡುವ ಎಡವಟ್ಟು. ಇದ್ಯಾವುದೂ ಸಂಬಳದ ಪುಸ್ತಕಕ್ಕೆ ಬರುವುದಿಲ್ಲವಾದ್ದರಿಂದ ನಿಮ್ಮ ಮಟ್ಟಿಗೆ ಅದು ಖರ್ಚೇ ಅಲ್ಲ.

ಜನರನ್ನು ಕಡಿಮೆ ಮಾಡಿಯೂ ಗೆದ್ದವರು ಈ ಊರಿನಲ್ಲಿಲ್ಲವೇ ಎಂದು ಕೇಳುತ್ತೀರಿ. ಇದ್ದಾರೆ. 1983ರಲ್ಲಿ ಆರ್. ಪ್ರಭಾಕರ್ ಜಯನಗರದಲ್ಲಿ ಕೆಫೆ ದರ್ಶಿನಿ ಶುರುಮಾಡಿದರು. ಮುಂದೆ ಗಲ್ಲಿಗೊಂದರಂತೆ ಬೆಳೆದ ದರ್ಶಿನಿಗಳಲ್ಲಿ ಸಪ್ಲೈಯರ್ ಇಲ್ಲ, ಕುರ್ಚಿಯೂ ಇಲ್ಲ. ದುಡ್ಡು ಮೊದಲು, ತಟ್ಟೆ ಗಿರಾಕಿಯ ಕೈಗೆ, ತಿನ್ನುವುದು ನಿಂತುಕೊಂಡು, ಮೆನು ಗೋಡೆಯ ಬೋರ್ಡಿನಲ್ಲಿ ಹಿಡಿಸುವಷ್ಟು. ಅವರು ಮೊದಲು ಕೆಲಸ ಕಳೆದರು, ಆಮೇಲೆ ಕೆಲಸಗಾರ ತಾನಾಗಿ ಬೇಡವಾದ. ನೀವು ಫ್ಯಾಮಿಲಿ ರೂಮು, ಎಂಟು ಪುಟದ ಮೆನು, ಗೋಬಿ ಮಂಚೂರಿ ಎಲ್ಲವನ್ನೂ ಹಾಗೇ ಇಟ್ಟು ಮನುಷ್ಯನನ್ನಷ್ಟೇ ಕಳೆದಿರಿ.

ಬಿಲ್ಲಿಂಗ್ ಮಷೀನು ಪ್ರತಿ ಅರ್ಧ ಗಂಟೆಯ ವ್ಯಾಪಾರವನ್ನೂ ಹೇಳುತ್ತದೆ. ಅದನ್ನು ನೀವು ಸಂಜೆಯ ಒಟ್ಟು ಮೊತ್ತ ನೋಡಲು ಮಾತ್ರ ಇಟ್ಟುಕೊಂಡಿದ್ದೀರಿ. ಮಧ್ಯಾಹ್ನ ಮೂರಕ್ಕೆ ಇಬ್ಬರು ಭಟ್ಟರು ತಣ್ಣಗಿನ ಕಾವಲಿ ಕಾಯುತ್ತಾರೆ, ಭಾನುವಾರ ಎಂಟಕ್ಕೆ ಒಬ್ಬರೇ. ಏಕೆಂದರೆ ಇನ್ನೊಬ್ಬರ ವಾರದ ರಜೆ ಭಾನುವಾರವೇ. ರಜೆಯನ್ನು ಮಂಗಳವಾರಕ್ಕೆ ಸರಿಸಿ, ಸಂಜೆಯ ಕಾಯಿ ತುರಿಯುವುದನ್ನೂ ಈರುಳ್ಳಿ ಹೆಚ್ಚುವುದನ್ನೂ ಮೂರು ಗಂಟೆಗೆ ತಂದರೆ ಯಾರೂ ಬಸ್ಸು ಹತ್ತಬೇಕಿಲ್ಲ. ಬ್ರೇಕ್ ಶಿಫ್ಟ್ ಹೆಸರಿನಲ್ಲಿ ಬೆಳಿಗ್ಗೆ ಐದಕ್ಕೆ ಎಬ್ಬಿಸಿ ರಾತ್ರಿ ಹತ್ತೂವರೆಗೆ ಬಿಡುವುದೂ ನಿಲ್ಲುತ್ತದೆ. ವಾರಕ್ಕೆ 48 ಗಂಟೆ ಮೀರಿದರೆ ದುಪ್ಪಟ್ಟು ಕೊಡಬೇಕೆಂಬ ಕಾನೂನು ನಿಮಗೆ ಗೊತ್ತಿಲ್ಲವೆಂದಲ್ಲ. ಇಲಾಖೆಯ ಫಲಕವನ್ನು ನೀವೇ ದೇವರ ಪಟದ ಹಿಂದೆ ತೂಗುಹಾಕಿದ್ದೀರಿ.

ಕೊನೆಯದಾಗಿ ಒಂದು ಸ್ಪಷ್ಟನೆ ಬೇಕು. ಗಲ್ಲಾದ ಪಕ್ಕದ ಕುರ್ಚಿಯಲ್ಲಿ ಹತ್ತರಿಂದ ಹನ್ನೆರಡರವರೆಗೆ ಕಾಫಿ ಕುಡಿಯುತ್ತ ಮೊಬೈಲ್ ನೋಡುವ ನಿಮ್ಮ ಭಾವಮೈದುನರಿಗೆ ತಿಂಗಳಿಗೆ ಹೋಗುವ ಮೊತ್ತ ಸಂಬಳದ ಪುಸ್ತಕದಲ್ಲಿಲ್ಲ, 'ಇತರೆ'ಯಲ್ಲಿದೆ. ಅದು ಊರಿಗೆ ಹೋದ ಇಬ್ಬರ ಸಂಬಳ ಸೇರಿಸಿದರೂ ಹೆಚ್ಚೇ ಆಗುತ್ತದೆ. ಇದನ್ನು ಲೇಬರ್ ಕಾಸ್ಟಿಗೆ ಸೇರಿಸಿದರೆ ನಿಮ್ಮ ಶೇಕಡಾವಾರು ಕೆಡುತ್ತದೆ, ಸೇರಿಸದಿದ್ದರೆ ಆಡಿಟರ್ ಸಹಿ ಹಾಕುವುದಿಲ್ಲ. ಯಾವ ಖಾತೆಗೆ ಬರೆಯಲಿ?

ಇಂತಿ ನಿಮ್ಮ ವಿಧೇಯ,
ಸಂಬಳದ ಪುಸ್ತಕ ಬರೆಯುವವ