ತೊಗಲಿನ ಅಲಂಕಾರಶಾಸ್ತ್ರ

ಅಲಂಕಾರವು ಸೌಂದರ್ಯದ ಹಂಬಲದಿಂದ ಹುಟ್ಟಿತೆಂದು ಬಲ್ಲವರು ಹೇಳುತ್ತ ಬಂದಿದ್ದರೂ, ಬಿಡುವಿನ ವೇಳೆಯಲ್ಲಿ ತೊಗಲಿನ ಪರ್ಸು, ಬೆಲ್ಟು, ಪುಸ್ತಕದ ಹೊದಿಕೆ ಮುಂತಾದವನ್ನು ತಯಾರಿಸಿ ಅವುಗಳ ಮೇಲೆ ಹೂಬಳ್ಳಿ ಬಿಡಿಸುವ ಹವ್ಯಾಸಿಗಳನ್ನು ಹತ್ತಿರದಿಂದ ಗಮನಿಸಿದವರಿಗೆ, ಅದು ತಪ್ಪನ್ನು ಮುಚ್ಚುವ ಅಗತ್ಯದಿಂದ ಹುಟ್ಟಿತೆಂಬ ಸಿದ್ಧಾಂತವೇ ಹೆಚ್ಚು ಸಮಂಜಸವೆಂದು ತೋರುತ್ತದೆ. ಮರಗೆಲಸದಲ್ಲಿ ಗೀರು ಬಿದ್ದರೆ ಉಜ್ಜಿ ತೆಗೆಯಬಹುದು, ಜೇಡಿಮಣ್ಣಾದರೆ ಮತ್ತೆ ಮುದ್ದೆ ಕಟ್ಟಬಹುದು, ಹೆಣಿಗೆಯಾದರೆ ಬಿಚ್ಚಿ ಮೊದಲಿಂದ ಹಾಕಬಹುದು. ತೊಗಲಿನ ಮೇಲೆ ಬಿದ್ದ ಗೀರು ಮಾತ್ರ ಉಳಿದೇ ಉಳಿಯುವುದರಿಂದ, ಅದರ ಪಕ್ಕದಲ್ಲಿ ಒಂದು ಎಲೆಯನ್ನೋ ಮೊಗ್ಗನ್ನೋ ಎಬ್ಬಿಸಿ, ಮೊದಲೇ ಯೋಚಿಸಿ ಮಾಡಿದ್ದೆಂಬಂತೆ ತೋರಿಸುವುದೊಂದೇ ದಾರಿ.

ಈ ಶಾಸ್ತ್ರದ ಮೊದಲ ನಿಯಮ ವಸ್ತುವಿನ ಆಯ್ಕೆಗೆ ಸಂಬಂಧಿಸಿದ್ದು. ಹಸಿ ಚರ್ಮವನ್ನು ಕೊಳೆಯದಂತೆ ಮಾಡಿ ಬಳಕೆಗೆ ಒಗ್ಗಿಸುವ ಕ್ರಿಯೆಯನ್ನು ಹದ ಮಾಡುವುದೆನ್ನುತ್ತಾರೆ. ತೊಗಟೆ ಮತ್ತು ಕಾಯಿಗಳ ಒಗರಿನಲ್ಲಿ ವಾರಗಟ್ಟಲೆ ನೆನೆಹಾಕುವ ಹಳೆಯ ಪದ್ಧತಿ ಒಂದು, ಅಮೆರಿಕದ ಅಗಸ್ಟಸ್ ಷುಲ್ಟ್ಸ್ 1884ರಲ್ಲಿ ಪೇಟೆಂಟ್ ಪಡೆದ ಬಳಿಕ ಕ್ರಮೇಣ ಜಗತ್ತಿನ ಕಾರ್ಖಾನೆಗಳನ್ನೆಲ್ಲ ಆವರಿಸಿದ ಕ್ರೋಮಿಯಂ ಲವಣದ ಪದ್ಧತಿ ಇನ್ನೊಂದು. ನಮ್ಮ ಕಡೆಗೆ ಈ ಎರಡನೆಯದನ್ನು ತಂದವರಲ್ಲಿ ಪ್ರಮುಖರಾದ ಆಲ್‌ಫ್ರೆಡ್ ಚಾಟರ್ಟನ್ ಮೊದಲು ಮದ್ರಾಸಿನಲ್ಲಿ ಅದರ ಪ್ರಯೋಗ ನಡೆಸಿ, ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೆ ನಿರ್ದೇಶಕರಾಗಿ ಬಂದವರು. ಕ್ರೋಮ್ ತೊಗಲು ಮೆತ್ತಗಿರುತ್ತದೆ, ನೀರಿಗೆ ಅಂಜುವುದಿಲ್ಲ, ಬೇಕಾದ ಬಣ್ಣದಲ್ಲಿ ಸಿಗುತ್ತದೆ. ಆದರೂ ಒತ್ತಿದ ಅಚ್ಚನ್ನು ಅದು ಉಳಿಸಿಕೊಳ್ಳುವುದಿಲ್ಲವೆಂಬ ಒಂದೇ ಕಾರಣಕ್ಕೆ ಹವ್ಯಾಸಿಗಳು ಅದನ್ನು ಅಸ್ಪೃಶ್ಯವೆಂಬಂತೆ ದೂರವಿಡುತ್ತಾರೆ. ಅವರಿಗೆ ಬೇಕಾದದ್ದು ತಂಗಡಿ ತೊಗಟೆ, ಅಳಲೆಕಾಯಿಗಳಂಥ ಒಗರು ಸರಕಿನಲ್ಲಿ ಹದಗೊಂಡ, ನೀರು ಕುಡಿದು ಮೆತ್ತಗಾಗಿ, ಒತ್ತಿದ್ದನ್ನು ಒಣಗಿದ ಮೇಲೂ ಬಿಟ್ಟುಕೊಡದ ತೊಗಲು.

ಒತ್ತಿದ್ದನ್ನು ಬಿಟ್ಟುಕೊಡದ ಈ ಗುಣವೇ ಮುಂದಿನ ಸಕಲ ಸಂಕಟಗಳ ಮೂಲವೆಂಬುದು ಬೇಗನೆ ತಿಳಿಯುತ್ತದೆ. ಕೆತ್ತುವ ಮೊದಲು ತೊಗಲನ್ನು ಸಮನಾಗಿ ತೇವಗೊಳಿಸಿ, ಅದರ ಬಣ್ಣ ಬಹುಪಾಲು ಮೊದಲಿನಂತಾಗಿ, ಮುಟ್ಟಿದರೆ ತಣ್ಣಗೆ ಮಾತ್ರ ಇರುವ ತನಕ ಕಾಯಬೇಕು. ಹದ ತಿಳಿಯಲು ಅದನ್ನು ಕೆನ್ನೆಗೆ ಒತ್ತಿ ನೋಡುವ ಪದ್ಧತಿಯೂ ಇದೆ, ಮನೆಯವರು ಈ ದೃಶ್ಯವನ್ನು ಮೊದಲ ಸಲ ಕಂಡಾಗ ವಿವರಣೆ ಕೊಡಬೇಕಾಗಿ ಬರುವುದು ಸಹಜ. ಈ ಹಂತದಲ್ಲಿ ಉಗುರು ತಾಗಿದರೆ ಉಗುರಿನ ಗುರುತು, ಉಂಗುರ ತಾಗಿದರೆ ಉಂಗುರದ ಗುರುತು ಶಾಶ್ವತವಾಗುತ್ತದೆ. ಒದ್ದೆ ತೊಗಲಿನ ಮೇಲೆ ಕಬ್ಬಿಣದ ಪುಡಿಯೋ ಮೊಳೆಯೋ ಕುಳಿತರೆ, ಹಿಂದಿನ ಕಾಲದ ಶಾಯಿ ತಯಾರಾಗುತ್ತಿದ್ದುದು ಯಾವ ರಾಸಾಯನಿಕ ಕ್ರಿಯೆಯಿಂದಲೋ ಅದೇ ಕ್ರಿಯೆ ನಡೆದು, ಒಗರು ಮತ್ತು ಕಬ್ಬಿಣ ಕೂಡಿ ಅಳಿಸಲಾಗದ ಕಪ್ಪು ಚುಕ್ಕೆ ಮೂಡುತ್ತದೆ. ಇದಕ್ಕೂ ಶಾಸ್ತ್ರದಲ್ಲಿ ಪರಿಹಾರವುಂಟು: ವಿನೆಗರಿನಲ್ಲಿ ಕಬ್ಬಿಣದ ಚೂರುಗಳನ್ನು ದಿನಗಟ್ಟಲೆ ನೆನೆಸಿಟ್ಟು ಆ ದ್ರಾವಣವನ್ನು ಇಡೀ ತುಂಡಿಗೆ ಬಳಿದರೆ ತೊಗಲೆಲ್ಲ ಕಪ್ಪಾಗುತ್ತದೆ, ಚುಕ್ಕೆ ಇಲ್ಲವಾಗುತ್ತದೆ, ನೋಡಿದವರು ಕಪ್ಪು ಬಣ್ಣದ ಆಯ್ಕೆಯನ್ನು ಮೆಚ್ಚಿಕೊಳ್ಳುತ್ತಾರೆ.

ಕೆತ್ತನೆಯ ಈ ಪ್ರಕಾರ ತನ್ನ ಈಗಿನ ಪ್ರಸಿದ್ಧ ರೂಪವನ್ನು ಪಡೆದದ್ದು ಅಮೆರಿಕದ ಪಶ್ಚಿಮ ಪ್ರಾಂತ್ಯಗಳಲ್ಲಿ, ಕುದುರೆಯ ಜೀನು ತಯಾರಿಸುವವರ ಕೈಯಲ್ಲಿ. ವ್ಯೋಮಿಂಗ್ ರಾಜ್ಯದ ಶೆರಿಡನ್ ಊರಿನಲ್ಲಿ ಡಾನ್ ಕಿಂಗ್ ಎಂಬ ಜೀನುಗಾರ ಬೆಳೆಸಿದ ಶೈಲಿಯಲ್ಲಿ, ಒಂದರೊಳಗೊಂದು ಸುತ್ತಿಕೊಂಡ ಬಳ್ಳಿಗಳ ನಡುವೆ ಸಣ್ಣ ಸಣ್ಣ ಹೂಗಳು ಬೆರಳಿಡಲು ಜಾಗವಿಲ್ಲದಂತೆ ತುಂಬಿಕೊಂಡಿರುತ್ತವೆ. ಈ ಕಸುಬನ್ನು ಹವ್ಯಾಸವಾಗಿ ಮನೆಮನೆಗೆ ಮುಟ್ಟಿಸಿದ್ದು ಟೆಕ್ಸಾಸಿನ ಫೋರ್ಟ್ ವರ್ತ್‌ನಲ್ಲಿ 1919ರಲ್ಲಿ ಶುರುವಾದ ಟ್ಯಾಂಡಿ ಸಂಸ್ಥೆ. ಚಮ್ಮಾರಿಕೆಯ ಸರಕು ಮಾರುತ್ತಿದ್ದ ಅದು ಎರಡನೆಯ ಮಹಾಯುದ್ಧದ ನಂತರ ತೊಗಲಿನ ತುಂಡು, ಅಚ್ಚು, ದಾರಗಳನ್ನು ಒಟ್ಟಿಗೆ ಕಟ್ಟಿ ಮಾರಲಾರಂಭಿಸಿತು, 1963ರಲ್ಲಿ ರೇಡಿಯೋ ಷ್ಯಾಕ್ ಅಂಗಡಿಗಳನ್ನು ಕೊಂಡಿತು, 1977ರಲ್ಲಿ ಕಂಪ್ಯೂಟರನ್ನೇ ಮಾರಿತು. ಪರ್ಸಿನ ಹೊಲಿಗೆಯನ್ನು ಪೂರೈಸಲಾಗದೆ ಬೇರೆ ಉದ್ಯೋಗಕ್ಕೆ ಹೊರಟವರಿಗೆ ಇದಕ್ಕಿಂತ ಗೌರವಾನ್ವಿತ ಪೂರ್ವನಿದರ್ಶನ ಸಿಗಲಾರದು.

ಗ್ರಾನೈಟ್ ಚಪ್ಪಡಿಯ ಮೇಲೆ ತೊಗಲನ್ನಿಟ್ಟು, ಬೆರಳ ತುದಿಯಲ್ಲಿ ತಿರುಗುವ ಚಾಕುವಿನಿಂದ ರೇಖೆಗಳನ್ನು ಅರ್ಧ ದಪ್ಪದವರೆಗೆ ಸೀಳಿ, ರೇಖೆಯ ಒಂದು ಬದಿಯನ್ನು ಅಚ್ಚು ಮತ್ತು ಕೊಡತಿಯಿಂದ ಕುಗ್ಗಿಸಿದಾಗ ಇನ್ನೊಂದು ಬದಿ ಉಬ್ಬಿದಂತೆ ಕಾಣುವುದೇ ಈ ಕಲೆಯ ಮರ್ಮ. ಚಪ್ಪಡಿ ಸಾಮಾನ್ಯವಾಗಿ ಅಡುಗೆಮನೆಯ ಕಟ್ಟೆಗೆ ಹಾಕಿಸಿ ಉಳಿದದ್ದು. ಕೊಡತಿಯ ಸದ್ದು ಕೆಳಗಿನ ಮನೆಯವರಿಗೆ ಅಕಾಲದಲ್ಲಿ ಯಾರೋ ಒಬ್ಬಟ್ಟಿನ ಕಾಯಿ ಒಡೆಯುತ್ತಿರುವಂತೆ ಕೇಳುತ್ತದೆ. ಹಿನ್ನೆಲೆಯನ್ನು ಸಣ್ಣ ಚುಕ್ಕೆಗಳ ಅಚ್ಚಿನಿಂದ ತುಂಬುವುದು ಮುಂದಿನ ಹಂತ, ಅಲ್ಲಿಯವರೆಗೆ ಚಾಕು ತಪ್ಪಿದ ಕಡೆಗಳೆಲ್ಲ ಈ ಚುಕ್ಕೆಗಳ ಅಡಿಯಲ್ಲಿ ಸೇರಿಹೋಗುತ್ತವೆ. ಕೊನೆಗೆ ದಳಗಳ ಮೇಲೆ ಚಾಕುವಿನಿಂದ ಸ್ವಚ್ಛಂದವಾಗಿ ಎಳೆಯುವ ಗೆರೆಗಳಿಗೆ ಗ್ರಂಥಗಳಲ್ಲಿ ಅಲಂಕಾರಿಕ ಗೀರುಗಳೆಂದೇ ಹೆಸರಿರುವುದರಿಂದ, ಹೂವಿನ ಒಳಗೆ ತಪ್ಪಿದ ಗೆರೆಗಳೂ ಆ ಲೆಕ್ಕಕ್ಕೆ ಸಂದಾಯವಾಗುತ್ತವೆ.

ನಮ್ಮ ದೇಶದಲ್ಲಿ ಇದಕ್ಕೆ ಸುಸಂಸ್ಕೃತರ ಮುದ್ರೆ ಬಿದ್ದದ್ದು ಶಾಂತಿನಿಕೇತನದಲ್ಲಿ. ಕವಿ ರವೀಂದ್ರರ ಮಗ ರಥೀಂದ್ರನಾಥ ಠಾಕೂರರು ಮರ ಮತ್ತು ತೊಗಲಿನ ಕೆಲಸದಲ್ಲಿ ಸ್ವತಃ ಕುಶಲರಾಗಿದ್ದರು. ಅಲ್ಲಿನ ಉಬ್ಬುಚಿತ್ರದ, ಬಣ್ಣ ತುಂಬಿದ ಚೀಲಗಳು ಮುಂದೆ ದೇಶದಾದ್ಯಂತ ಓದುಬರಹ ಬಲ್ಲವರ ಹೆಗಲನ್ನೇರಿದವು. ಇದೇ ತೊಗಲನ್ನು ಅಥಣಿಯ ಕಡೆ ತಲೆಮಾರುಗಳಿಂದ ಹದ ಮಾಡಿ, ಮೊಳೆ ಬಳಸದೆ ತೊಗಲಿನ ಎಳೆಯಿಂದಲೇ ಹೊಲಿದು ಕೊಲ್ಹಾಪುರಿ ಚಪ್ಪಲಿ ಮಾಡುತ್ತ ಬಂದವರನ್ನು ಮಾತ್ರ ಅದೇ ಕೆಲಸದ ಕಾರಣಕ್ಕೆ ಊರ ಹೊರಗೆ ಇರಿಸಲಾಗಿತ್ತು. ಆ ಚಪ್ಪಲಿಗೆ 2019ರಲ್ಲಿ ಮಹಾರಾಷ್ಟ್ರ, ಕರ್ನಾಟಕಗಳ ನಾಲ್ಕು ನಾಲ್ಕು ಜಿಲ್ಲೆಗಳ ಹೆಸರಿನಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಇತ್ತ ನಗರದಲ್ಲಿ ತೊಗಲು ಮುಟ್ಟುವುದನ್ನು ಕಲಿಯಲು ಶುಲ್ಕ ಕಟ್ಟಿ, ಏಪ್ರನ್ ತೊಟ್ಟು, ಮನಸ್ಸಿಗೆ ಶಾಂತಿ ಸಿಕ್ಕಿತೆಂದು ಹೇಳುವವರ ಹಿರಿಯರಲ್ಲಿ ಚಮ್ಮಾರನ ನೆರಳು ಬಿದ್ದರೆ ಸ್ನಾನ ಮಾಡುತ್ತಿದ್ದವರೂ ಇದ್ದಿರಬೇಕು. ಅಥಣಿಯ ಕುಶಲಕರ್ಮಿ ಗೀರು ಬಿದ್ದ ಚಪ್ಪಲಿಯನ್ನು ಅಲಂಕಾರವೆಂದು ಹೇಳಿ ಮಾರುವಂತಿಲ್ಲ, ಕೊಳ್ಳುವವರು ದುಡ್ಡು ಕೊಡುವ ಮುನ್ನ ತಿರುಗಿಸಿ ನೋಡುತ್ತಾರೆ. ಹವ್ಯಾಸಿಯ ವಸ್ತುವೋ ಉಡುಗೊರೆಯಾಗಿಯೇ ಹೋಗುವುದರಿಂದ ಅದನ್ನು ತಿರುಗಿಸಿ ನೋಡುವುದು ಮರ್ಯಾದೆಯಲ್ಲ.

ಉಡುಗೊರೆಗಳಲ್ಲಿ ಬೆಲ್ಟಿನದೇ ಅಗ್ರಸ್ಥಾನ. ಹೊಟ್ಟೆಭಾಗದ ತೊಗಲು ಜಗ್ಗುವುದರಿಂದ ಬೆಲ್ಟನ್ನು ಬೆನ್ನಿನ ಭಾಗದಿಂದಲೇ ಉದ್ದಕ್ಕೆ ಕತ್ತರಿಸಬೇಕು, ತೂಕದ ಅಳತೆಯಾದ ಔನ್ಸಿನಲ್ಲಿ ದಪ್ಪವನ್ನು ಹೇಳುವ ಈ ವಿಚಿತ್ರ ಲೋಕದಲ್ಲಿ ಅದು 8ರಿಂದ 10 ಔನ್ಸ್, ಅಂದರೆ ಮೂರರಿಂದ ನಾಲ್ಕು ಮಿಲಿಮೀಟರ್ ದಪ್ಪವಿರಬೇಕು. ರಂಧ್ರಗಳು ಒಂದೊಂದು ಅಂಗುಲದ ಅಂತರದಲ್ಲಿ ಐದೋ ಏಳೋ ಇದ್ದು, ತೊಡುವವರ ಈಗಿನ ಸೊಂಟ ನಡುವಿನ ರಂಧ್ರಕ್ಕೆ ಸರಿಹೊಂದಬೇಕೆಂಬುದು ನಿಯಮ. ಭಾವಮೈದುನನಿಗೆಂದು ಅಳತೆ ತೆಗೆದುಕೊಂಡು ಕೆತ್ತನೆ, ಬಣ್ಣ, ಹೊಲಿಗೆಗಳನ್ನು ಮುಗಿಸುವ ವೇಳೆಗೆ ಎರಡು ದೀಪಾವಳಿ ಕಳೆದಿರುತ್ತವೆ, ಆತನ ಸೊಂಟ ಕೊನೆಯ ರಂಧ್ರವನ್ನೂ ದಾಟಿರುತ್ತದೆ. ತುದಿಯ ಕಡೆ ಜಾಗವಿಲ್ಲದಿದ್ದರೆ ಬೆಲ್ಟು ಉದ್ದವಾಗಲೆಂದು ಬಕಲ್ಲಿನ ಕಡೆಯೇ ಬಿಚ್ಚಿ ತುಂಡು ಜೋಡಿಸಬೇಕು. ಜಾಗವಿದ್ದರೆ ಹೊಸ ರಂಧ್ರ ಕೊನೆಯ ಹೂವಿನ ನಟ್ಟನಡುವೆಯೇ ಬೀಳುತ್ತದೆ, ಇಡೀ ಬೆಲ್ಟಿನಲ್ಲಿ ಅಷ್ಟು ದುಂಡಗೆ, ಅಷ್ಟು ಅಚ್ಚುಕಟ್ಟಾಗಿ ಕೊರೆದದ್ದು ಇನ್ನೊಂದಿಲ್ಲವೆಂದು ನೋಡಿದವರೆಲ್ಲ ಅದನ್ನೇ ಹೊಗಳುತ್ತಾರೆ.