ಕಟ್ಟೆ, ಕಾಯಿ ಮತ್ತು ನೀಲಿ ಅಂಗಿ

ಹೆಸರಿಗೆ ಮಾತ್ರ ಸಾಫ್ಟ್‌ಬಾಲ್. ಮೊಣಕಾಲಿಗೆ ಒಂದು ಸಲ ಬಡಿಸಿಕೊಂಡರೆ, ಈ ಹೆಸರಿಟ್ಟವರ ಮನೆ ಹುಡುಕಿಕೊಂಡು ಹೋಗಿ ಜಗಳ ಆಡಿ ಬರೋಣ ಅನ್ನಿಸುತ್ತದೆ. 1887ರಲ್ಲಿ ಷಿಕಾಗೋದ ಒಂದು ಬೋಟ್ ಕ್ಲಬ್ಬಿನೊಳಗೆ ಬಾಕ್ಸಿಂಗ್ ಗ್ಲೌಸನ್ನು ಉಂಡೆ ಕಟ್ಟಿ, ಪೊರಕೆ ಕೋಲಿನಲ್ಲಿ ಹೊಡೆದು ಶುರು ಮಾಡಿದ ಆಟವಂತೆ. ಆಗ ಮೆತ್ತಗಿದ್ದಿರಬಹುದು. ಈಗ ನನ್ನ ಮಗಳು ಹಿಡಿಯುವುದು ಹನ್ನೆರಡು ಇಂಚು ಸುತ್ತಳತೆಯ ಹಳದಿ ಕಲ್ಲು.

ಮಗಳು ಓಹಾಯೋದ ಒಂದು ಹೈಸ್ಕೂಲಿನ ತಂಡದಲ್ಲಿ ಕ್ಯಾಚರ್. ಏಪ್ರಿಲ್ ತಿಂಗಳು, ವಸಂತ ಎಂದು ಕ್ಯಾಲೆಂಡರ್ ಹೇಳುತ್ತಿತ್ತು, ಮೂಗು ಒಪ್ಪುತ್ತಿರಲಿಲ್ಲ. ಅರಸೀಕೆರೆಯಿಂದ ಆರು ತಿಂಗಳಿಗೆಂದು ಬಂದಿದ್ದ ಅತ್ತೆ ಮಂಕಿ ಕ್ಯಾಪು, ಮೇಲೊಂದು ಶಾಲು, ಅದರ ಮೇಲೆ ಮಗನ ಜಾಕೆಟ್ಟು ಹಾಕಿಕೊಂಡು ಅಲ್ಯೂಮಿನಿಯಂ ಮೆಟ್ಟಿಲಿನ ಮೇಲೆ ಕೂತರು. ಮಡಿಲಲ್ಲಿ ಕೋಡುಬಳೆ ಡಬ್ಬಿ.

ಆಟ ಶುರುವಾಗಿ ಹತ್ತು ನಿಮಿಷಕ್ಕೆ ಅತ್ತೆ ಘೋಷಿಸಿದರು: "ಇದು ಚೌಕಾಬಾರ ಕಣೇ."

ನಾನು ನಕ್ಕೆ. ಆಮೇಲೆ ನೋಡಿದರೆ ಹೌದಲ್ಲ! ಅರವತ್ತರವತ್ತು ಅಡಿಯ ಚೌಕ. ಮೂಲೆಮೂಲೆಗೊಂದು ಕಟ್ಟೆ, ಕಟ್ಟೆ ಮೇಲಿದ್ದರೆ ಯಾರೂ ಕಡಿಯುವಂತಿಲ್ಲ. ಕಾಯಿಗಳು ಎಡಸುತ್ತಾಗಿ ಹೋಗಬೇಕು. ಕೊನೆಗೆ ಹೊರಟ ಮನೆಗೇ ಬಂದರೆ ಹಣ್ಣು. ಅಷ್ಟು ಹೊತ್ತೂ ನಮ್ಮವರು ವಿವರಿಸಿದ್ದು ತಲೆಗೆ ಹತ್ತದ ನನಗೆ ಆ ಒಂದು ಮಾತಿನಿಂದ ಆಟ ಅರ್ಥವಾಯಿತು. ಹುಡುಗಿಯೊಬ್ಬಳು ದೂಳೆಬ್ಬಿಸಿ ಜಾರಿಕೊಂಡು ಹೋಮ್ ಪ್ಲೇಟ್ ಮುಟ್ಟಿದಾಗ ಅತ್ತೆ "ಹಣ್ಣಾಯ್ತು!" ಎಂದು ಚಪ್ಪಾಳೆ ತಟ್ಟಿದರು. ಆಕೆ ಎದುರು ತಂಡದವಳು ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಅವರಿಗೆ ಮೆಚ್ಚುಗೆಯಾದದ್ದು ಅಂಪೈರ್. ತಿಳಿನೀಲಿ ಅಂಗಿ, ಅರವತ್ತು ದಾಟಿದ ಮನುಷ್ಯ. ಸೊಂಟದ ಚೀಲದಿಂದ ಅಂಗೈಯಗಲದ ಬ್ರಷ್ ತೆಗೆದು, ಎಲ್ಲರ ಮುಂದೆ ಬಗ್ಗಿ, ಹದಿನೇಳು ಇಂಚಿನ ಆ ಬಿಳಿ ಹಲಗೆಯ ಮೇಲಿನ ಮಣ್ಣನ್ನು ಮೂಲೆಮೂಲೆಯಿಂದ ಗುಡಿಸುತ್ತಿದ್ದರು. "ಹೇಳಿಸಿಕೊಳ್ಳದೆ ಗುಡಿಸೋ ಗಂಡಸು. ಇಂಥವನ ಮಾತು ನಂಬಬಹುದು" ಎಂದು ಅತ್ತೆ ಮಗನ ಕಡೆ ನೋಡಿದರು. ಸುತ್ತಲಿನ ಅಪ್ಪಂದಿರಿಗೆ ಆ ನಂಬಿಕೆ ಇರಲಿಲ್ಲ. "ಕಮಾನ್, ಬ್ಲೂ!" "ಎಲ್ಲಿ ನೋಡ್ತಿದ್ದೀಯ, ಬ್ಲೂ!" ಇಲ್ಲಿ ಅಂಪೈರಿಗೆ ಹೆಸರಿಲ್ಲ, ಅಂಗಿಯ ಬಣ್ಣವೇ ಹೆಸರು.

ಚೆಂಡು ಬ್ಯಾಟರಿನ ಕಂಕುಳಿಗೂ ಮಂಡಿಗೂ ನಡುವೆ, ಹಲಗೆಯ ಮೇಲೆ ಹಾದರೆ ಸ್ಟ್ರೈಕ್. ಪಿಚ್ ಮಾಡುವವಳು ನಿಂತಿರುವುದು ನಲವತ್ತಮೂರು ಅಡಿ ದೂರ. ಕಣ್ಣು ಮಿಟುಕಿಸುವಷ್ಟರಲ್ಲಿ ಚೆಂಡು ಬಂದು ಹೋಗಿರುತ್ತದೆ. ಕ್ಯಾಚರ್ ಬೆನ್ನ ಹಿಂದೆಯೇ ಕೂತ ಅಂಪೈರಿಗಿಂತ, ನೂರಡಿ ಆಚೆ ಓರೆಯಾಗಿ ಕೂತು ಬರ್ಗರ್ ತಿನ್ನುವ ಅಪ್ಪನಿಗೆ ಅದು ಚೆನ್ನಾಗಿ ಕಾಣುತ್ತದೆ ಎಂಬುದು ಈ ದೇಶದ ಒಂದು ವಿಸ್ಮಯ.

ನಮ್ಮವರು ಹಾಗೆ ಬರಿದೇ ಕೂಗುವವರಲ್ಲ. ಇಂಜಿನಿಯರು. ನಿಯಮಾವಳಿ ಪೂರ್ತಿ ಫೋನಿಗೆ ಇಳಿಸಿಕೊಂಡಿದ್ದರು. ಅದಕ್ಕೂ ಕಾರಣವಿದೆ. ಮೊದಲ ಪಂದ್ಯದಲ್ಲಿ ಮಗಳು ಎರಡನೇ ಕಟ್ಟೆಯಿಂದ ನಾಲ್ಕು ಹೆಜ್ಜೆ ಆಚೆ ನಿಂತು, ಹೋಗಲೋ ಬೇಡವೋ ಎಂದು ಮದುವೆಮನೆಯಲ್ಲಿ ಚಪ್ಪಲಿ ಹುಡುಕುವವರ ಹಾಗೆ ಅತ್ತಿತ್ತ ನೋಡುತ್ತಿದ್ದಳು. ಯಾರೂ ಮುಟ್ಟಲಿಲ್ಲ, ಯಾರೂ ಎಸೆಯಲಿಲ್ಲ. ಅಂಪೈರ್ ಔಟ್ ಎಂದುಬಿಟ್ಟರು. ಇವರು ಎದ್ದು ನಿಂತು ಕೂಗಿದ್ದೇ ಕೂಗಿದ್ದು. ರಾತ್ರಿ ಓದಿದರೆ: ಪಿಚರ್ ತನ್ನ ಎಂಟಡಿ ತ್ರಿಜ್ಯದ ವೃತ್ತದೊಳಗೆ ಚೆಂಡು ಹಿಡಿದು ನಿಂತಮೇಲೆ, ಕಟ್ಟೆ ಬಿಟ್ಟವಳು ತಕ್ಷಣ ಮುಂದೆ ಹೋಗಬೇಕು, ಇಲ್ಲ ಹಿಂದೆ ಬರಬೇಕು, ಅನುಮಾನಿಸಿ ನಿಂತರೆ ಔಟ್. ಅಂದಿನಿಂದ ಪಾರಾಯಣ ಶುರುವಾಯಿತು.

ಪಾರಾಯಣದ ಫಲವಾಗಿ ನಮಗೂ ಪ್ರವಚನ. "ಮೂರನೇ ಸ್ಟ್ರೈಕ್ ಅಂದ್ರೆ ಔಟ್. ಆದ್ರೆ ಆ ಚೆಂಡನ್ನ ಕ್ಯಾಚರ್ ಹಿಡೀದೆ ಬಿಟ್ರೆ ಬ್ಯಾಟರ್ ಫಸ್ಟ್ ಬೇಸ್‌ಗೆ ಓಡಬಹುದು. ಆದ್ರೆ ಅಲ್ಲಿ ಆಗಲೇ ಅವರವಳೇ ನಿಂತಿದ್ರೆ ಓಡೋ ಹಾಗಿಲ್ಲ, ಔಟೇ. ಆದ್ರೆ ಅಷ್ಟರಲ್ಲಿ ಇಬ್ಬರು ಔಟಾಗಿದ್ರೆ, ನಿಂತಿದ್ರೂ ಓಡಬಹುದು."

"ಏಕಾದಶಿ ಥರ" ಎಂದರು ಅತ್ತೆ. "ಅನ್ನ ಕೂಡದು. ಆದ್ರೆ ಅವಲಕ್ಕಿ ಆಗತ್ತೆ. ಆದ್ರೆ ಉಪ್ಪು ಹಾಕಿದ್ರೆ ಆಗಲ್ಲ. ಆದ್ರೆ ಮಾತ್ರೆ ನುಂಗೋರಿಗೆ ಎಲ್ಲಾ ಆಗತ್ತೆ."

ಇನ್ನೊಂದು ದಿನ ಎದುರು ತಂಡದವಳು ಚೆಂಡು ಕೈಯಲ್ಲಿಲ್ಲದೆಯೇ ನಮ್ಮ ಹುಡುಗಿಯ ದಾರಿಗೆ ಅಡ್ಡ ನಿಂತಳು. ಅಂಪೈರ್ ಆಟ ನಿಲ್ಲಿಸಲಿಲ್ಲ, ಎಡಗೈಯನ್ನು ಪಕ್ಕಕ್ಕೆ ನೇರ ಚಾಚಿ ಮುಷ್ಟಿ ಹಿಡಿದು ಸುಮ್ಮನೆ ನಿಂತರು. "ಯಾಕೋ ಪಾಪ, ಬಸ್ಸಿಗೆ ಕೈ ತೋರಿಸ್ತಾನೆ?" ಎಂದು ಅತ್ತೆ ಕೇಳಿದರು. ಅಡ್ಡಗಟ್ಟಿದ್ದನ್ನು ನೋಡಿದ್ದೇನೆ, ಆಟ ಮುಗಿಯಲಿ, ಆಮೇಲೆ ನ್ಯಾಯ ಎಂಬುದರ ಗುರುತಂತೆ ಅದು. ಮೂರನೇ ಕಟ್ಟೆಯಲ್ಲಿ ಔಟಾದ ಹುಡುಗಿಯನ್ನು ಆಮೇಲೆ ಅದೇ ಕಟ್ಟೆಯ ಮೇಲೆ ನಿಲ್ಲಿಸಿದರು. ಬಾಯಿ ಬಿಡದೆ ಜಗಳ ತೀರಿಸುವ ಈ ಉಪಾಯ ಅತ್ತೆಯ ಮನಸ್ಸಿನಲ್ಲಿ ಕೂತುಬಿಟ್ಟಿತು.

ಇನ್ನು ಆ ಮೇ ತಿಂಗಳ ಪಂದ್ಯ. ನಾಲ್ಕು-ನಾಲ್ಕು ಸಮ. ಕೊನೆಯ, ಅಂದರೆ ಏಳನೇ ಇನಿಂಗ್ಸ್. ಎದುರಾಳಿಗಳ ಬ್ಯಾಟಿಂಗ್, ಒಬ್ಬಳು ಔಟ್, ಮೊದಲ ಕಟ್ಟೆಯಲ್ಲೊಂದು ಕಾಯಿ, ಮೂರನೆಯದರಲ್ಲಿ ಇನ್ನೊಂದು. ಮೂರನೇ ಸ್ಟ್ರೈಕ್ ಬಿತ್ತು. ಚೆಂಡು ಮಗಳ ಗ್ಲೌಸಿನಿಂದ ಚಿಮ್ಮಿ ನೆಲಕ್ಕೆ ಬಿತ್ತು. ಬ್ಯಾಟರ್ ಓಡಿದಳು. ಪ್ರವಚನ ಕೇಳಿದ್ದ ನನಗೇ ಗೊತ್ತು, ಅವಳು ಓಡಿ ಪ್ರಯೋಜನವಿಲ್ಲ, ಆಗಲೇ ಔಟ್. ಅಂಪೈರ್ "ಬ್ಯಾಟರ್ ಔಟ್" ಎಂದು ಕೂಗುತ್ತಲೂ ಇದ್ದರು. ಆದರೆ ಅದಕ್ಕಿಂತ ಜೋರಾಗಿ ನನ್ನ ಪಕ್ಕದಿಂದ ಅಚ್ಚ ಕನ್ನಡದಲ್ಲಿ ಒಂದು ಕೂಗೆದ್ದಿತು: "ಎಸೀ ಪುಟ್ಟೀ! ಫಸ್ಟ್‌ಗೆ ಎಸೀ!"

ಆ ಮೈದಾನದಲ್ಲಿ ಕನ್ನಡ ಬರುವವರು ನಾಲ್ಕೇ ಜನ. ಅವರಲ್ಲಿ ಒಬ್ಬಳ ಕೈಯಲ್ಲಿ ಚೆಂಡಿತ್ತು. ಎಸೆದಳು. ಅದು ಮೊದಲ ಕಟ್ಟೆಯವಳ ತಲೆ ಮೇಲೆ ಹಾರಿ ಬಲಗಡೆಯ ಹುಲ್ಲಿಗೆ ಹೋಯಿತು. ಮೂರನೇ ಕಟ್ಟೆಯ ಕಾಯಿ ನಿಧಾನವಾಗಿ ಬಂದು ಹಣ್ಣಾಯಿತು. ಈ ಸಲ ಅತ್ತೆ ಚಪ್ಪಾಳೆ ತಟ್ಟಲಿಲ್ಲ.

ನಮ್ಮ ಕೋಚ್ ಟೈಮ್ ಕೇಳಿ, ಕೈ ಹಿಂದೆ ಕಟ್ಟಿಕೊಂಡು ಅಂಪೈರ್ ಹತ್ತಿರ ಹೋದರು. ಔಟಾದವಳು ಓಡಿ ನಮ್ಮವಳನ್ನು ದಾರಿ ತಪ್ಪಿಸಿದ್ದು ಅಡ್ಡಿಯಲ್ಲವೇ ಎಂಬ ವಾದ. ಅಲ್ಲ ಎಂದರು ಬ್ಲೂ. ಬ್ರಷ್ ತೆಗೆದು ಹಲಗೆ ಗುಡಿಸಿದರು. ಐದು-ನಾಲ್ಕರಲ್ಲಿ ಸೋತೆವು.

ಕಾರಿನಲ್ಲಿ ಇವರದು ಮೇಲ್ಮನವಿ. "ಔಟಾದ ಮೇಲೂ ಓಡಿ ಎಸೆತ ಸೆಳೆದ್ರೆ ಅಡ್ಡಿ ಅನ್ನಬಹುದು ಅಂತ ಬರೆದಿದೆ. ಅಂಪೈರ್ ಕಣ್ಣಿಗೆ ಕಂಡಿದ್ದನ್ನ ಪ್ರಶ್ನಿಸೋ ಹಾಗಿಲ್ಲ, ಒಪ್ಪುತ್ತೀನಿ. ನಿಯಮದ ಅರ್ಥವನ್ನೇ ತಪ್ಪು ಮಾಡಿದ್ರೆ ಕೇಳಬಹುದಲ್ಲ?"

ಹಿಂದಿನ ಸೀಟಿನಲ್ಲಿ, ಹಣೆಯ ಮೇಲೆ ಹೆಲ್ಮೆಟ್ಟಿನ ಗೆರೆ ಇನ್ನೂ ಮಾಸದ ಮಗಳು ಅಪ್ಪನ ಫೋನು ತೆಗೆದುಕೊಂಡು ಓದಿದಳು. "ಅಪ್ಪ, ಮುಂದಿನ ಸಾಲು ಓದಿಲ್ವಾ? ಮೂರನೇ ಸ್ಟ್ರೈಕ್ ಬಿದ್ದಾಗ ಓಡೋಳಿಗೆ ಇದು ಅನ್ವಯಿಸಲ್ಲ." ಸ್ವಲ್ಪ ತಡೆದು, "ಪ್ರೇಕ್ಷಕರ ಕಡೆಯಿಂದ ಅಡ್ಡಿ ಆದ್ರೆ ಏನು ಅಂತ ಹುಡುಕ್ಲಾ?"

ಮನೆ ಬರುವವರೆಗೆ ಯಾರೂ ಮಾತಾಡಲಿಲ್ಲ. ಅತ್ತೆ ಕೋಡುಬಳೆ ಮುರಿಯುವ ಸದ್ದೊಂದೇ.

ರಾತ್ರಿ ಅಜ್ಜಿ-ಮೊಮ್ಮಗಳು ಕಾರ್ಪೆಟ್ಟಿನ ಮೇಲೆ ರಟ್ಟಿನ ಮನೆ ಹಾಸಿ ಚೌಕಾಬಾರಕ್ಕೆ ಕೂತರು. ಇವರೂ ಸಪ್ಪೆ ಮುಖ ಹಾಕಿಕೊಂಡು ಬಂದು ಸೇರಿದರು. ಮಗಳು ಹಾಕಿದ ಕವಡೆಯೊಂದು ಸೋಫಾದ ಕಾಲಿಗೆ ಒರಗಿ ನಿಂತಿತು, ಅಂಗಾತವೂ ಅಲ್ಲ, ಬೋರಲೂ ಅಲ್ಲ. "ಚೌಕ!" ಎಂದಳು ಅವಳು. "ಮೂರು!" ಎಂದರು ಇವರು, ತಮ್ಮ ಕಾಯಿ ಸರಿಯಾಗಿ ನಾಲ್ಕನೇ ಮನೆಯಲ್ಲಿತ್ತು. ಮಾತು ಬೆಳೆಯುತ್ತಿದ್ದಂತೆ ಇವರ ಮೊಣಕೈ ಮೆಲ್ಲಗೆ ಜರುಗಿ ಆ ಮನೆಯನ್ನು ಪೂರ್ತಿ ಮುಚ್ಚಿತು.

ಅತ್ತೆ ಏನೂ ಹೇಳಲಿಲ್ಲ. ಶಾಲು ಸರಿಮಾಡಿಕೊಂಡು, ಬಳೆ ಮೇಲಕ್ಕೆ ಸರಿಸಿ, ಎಡಗೈಯನ್ನು ಪಕ್ಕಕ್ಕೆ ನೇರ ಚಾಚಿ ಮುಷ್ಟಿ ಹಿಡಿದು ಕೂತರು.