ಶೇಕಡಾ ಐದರ ಸಾಲಿನವನು

ಬ್ಯಾಂಕಿನಲ್ಲಿದ್ದಾಗ ಕೋಳಿ ಸಾಕಣೆಗೆ ನಾನು ಕೊಟ್ಟ ಸಾಲಗಳಿಗೆ ಲೆಕ್ಕವಿಲ್ಲ. ಅರ್ಜಿಯ ಜೊತೆ ಬರುವ ಯೋಜನಾ ವರದಿಯಲ್ಲಿ ‘ಮರಣ ಪ್ರಮಾಣ: ಶೇ 5’ ಎಂಬ ಸಾಲೊಂದು ಇರಲೇಬೇಕಿತ್ತು. ಇಲ್ಲದಿದ್ದರೆ ವಾಪಸ್ ಕಳಿಸುತ್ತಿದ್ದೆ. ಒಂದೂ ಸಾಯದ ಕೋಳಿಗಳನ್ನು ನಂಬಿ ದುಡ್ಡು ಕೊಡುವುದಾದರೂ ಹೇಗೆ? ನಿವೃತ್ತನಾಗಿ ಅರಸೀಕೆರೆ ಕಡೆಯ ನಮ್ಮೂರಿಗೆ ಬಂದು, ಗಿರಿರಾಜ ತಳಿಯ ಐವತ್ತು ಮರಿ ತರಿಸಿದ ಮೇಲೆ, ಆ ಶೇಕಡಾ ಐದಕ್ಕೆ ಕಣ್ಣು, ಕೊಕ್ಕು, ಕಾಲು ಎಲ್ಲ ಇರುತ್ತವೆಂದು ತಿಳಿಯಿತು.

ಗಿರಿರಾಜ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ತಳಿ; ಹಿತ್ತಲಲ್ಲಿ ಕೆದಕಿಕೊಂಡು ಬದುಕುವ ಗಟ್ಟಿ ಕೋಳಿ ಎಂದು ಹೆಸರು. ಆದರೆ ಒಂದು ದಿನದ ಮರಿಗೆ ಆ ಹೆಸರು ಗೊತ್ತಿರಬೇಕಲ್ಲ. ತೂತು ಕೊರೆದ ರಟ್ಟಿನ ಪೆಟ್ಟಿಗೆಯಲ್ಲಿ, ರಾತ್ರಿ ಬಸ್ಸಿನಲ್ಲಿ ಬಂದವು. ಮೊಟ್ಟೆ ಒಡೆಯುವ ಮುನ್ನ ಮರಿ ಒಳಗೆ ಉಳಿದ ಹಳದಿಯನ್ನು ಹೊಟ್ಟೆಗೆ ಎಳೆದುಕೊಂಡಿರುತ್ತದೆ. ಆ ಬುತ್ತಿಯಲ್ಲಿ ಎರಡು ಮೂರು ದಿನ ತಳ್ಳುತ್ತದೆ. ಇದೇ ಧೈರ್ಯದ ಮೇಲೆ ಅಮೆರಿಕದ ಅಂಚೆಯವರು 1918ರಿಂದಲೂ ಮರಿಗಳನ್ನು ಪಾರ್ಸೆಲ್ ಸಾಗಿಸುತ್ತಿದ್ದಾರೆ. ನಮ್ಮ ಪೆಟ್ಟಿಗೆಯಲ್ಲಿ ಕೊಸರು ಸೇರಿ 51 ಇದ್ದವು. ಐವತ್ತು ಚಿಂವ್‌ಗುಟ್ಟುತ್ತಿದ್ದವು. ಒಂದು ಮಾತ್ರ ಮೂಲೆಯಲ್ಲಿ ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ, ಕಾಲೆರಡನ್ನೂ ಅತ್ತಿತ್ತ ಚೆಲ್ಲಿ ಬಿದ್ದಿತ್ತು.

“ಬಿಡ್ರೀ, ಅದು ಕೊಸರಿಗೆ ಬಂದಿರೋದು. ಹೋದ್ರೂ ನಷ್ಟ ಇಲ್ಲ,” ಎಂದಳು ಹೆಂಡತಿ. ಲೆಕ್ಕ ಸರಿಯಾಗಿಯೇ ಇತ್ತು. ಹಾಗೆಂದವಳೇ ಅದನ್ನೆತ್ತಿ ಸೆರಗಿನಲ್ಲಿ ಸುತ್ತಿಕೊಂಡಳು.

ಅವ್ವ ಉಗುರುಬೆಚ್ಚಗಿನ ನೀರಿಗೆ ಬೆಲ್ಲ ಕದಡಿ ತಂದಳು. ನಾನು ಹುಮ್ಮಸ್ಸಿನಿಂದ ಚಮಚ ಹಿಡಿದೆ. “ಲೋ, ಬಾಯಿಗೆ ಹುಯ್ಬ್ಯಾಡ ಕಣೋ, ಉಸುರ್ ಕಟ್ತದೆ. ಕೊಕ್ಕಿನ ತುದಿ ಅದ್ದು, ಸಾಕು.” ಅದ್ದಿದೆ. ಮರಿ ಒಂದು ಗಳಿಗೆ ಯೋಚಿಸಿ, ತಲೆ ಮೇಲೆತ್ತಿ ನುಂಗಿತು. ಮನೆಯವರೆಲ್ಲ ಒಟ್ಟಿಗೆ ಉಸಿರು ಬಿಟ್ಟೆವು.

ಆಮೇಲೆ ಕಾವಿನ ರಾಜಕೀಯ. ಮೊದಲ ವಾರ ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್, ಮುಂದೆ ವಾರಕ್ಕೆ ಐದೈದು ಇಳಿಸಬೇಕು ಎಂದು ಓದಿಕೊಂಡಿದ್ದೆ. ಬಲ್ಬಿನ ಕೆಳಗೆ ಥರ್ಮಾಮೀಟರ್ ಹಿಡಿದು ಕುಕ್ಕರಗಾಲಲ್ಲಿ ಕೂತೆ. ಅವ್ವನಿಗೆ ಅದೊಂದು ತಮಾಷೆ. ಮರಿಗಳು ಬಲ್ಬಿನಡಿ ಗುಂಪುಗಟ್ಟಿದರೆ ಚಳಿ, ಕೊಕ್ಕು ತೆರೆದು ದೂರ ಸರಿದರೆ ಸೆಕೆ, ಹರಡಿಕೊಂಡು ಓಡಾಡಿದರೆ ಸರಿ. ಇದಕ್ಕೆ ಗಾಜಿನ ಕಡ್ಡಿ ಯಾಕೆ ಅನ್ನುವಳು. ಕರೆಂಟು ಹೋದ ರಾತ್ರಿ ನನ್ನ ಮಂಕಿ ಕ್ಯಾಪು ಬಿಸಿನೀರಿನ ಬಾಟಲಿಗೆ ಹೋಯಿತು. ನನ್ನ ಕಿವಿಗೆ ತಣ್ಣನೆ ಗಾಳಿ ಬಡಿಯುತ್ತಿರುವುದನ್ನು ಯಾರೂ ವಿಚಾರಿಸಲಿಲ್ಲ.

ಕಾಲು ಚೆಲ್ಲುವುದಕ್ಕೆ ಹಾಸಿದ ಪೇಪರೂ ಕಾರಣ, ನುಣುಪಲ್ಲಿ ಮರಿಗೆ ಹಿಡಿತ ಸಿಗುವುದಿಲ್ಲ. ಗೋಣಿತಾಟು ಹಾಸಿ, ಬ್ಯಾಂಡೇಜ್ ಪಟ್ಟಿಯನ್ನು ಸಣ್ಣಗೆ ಸೀಳಿ, ನಡುವೆ ಒಂದಿಷ್ಟು ಜಾಗ ಬಿಟ್ಟು ಎರಡೂ ಕಾಲು ಸೇರಿಸಿ ಕಟ್ಟಿದೆ. ಇಬ್ಬರು ದಿವಾಳಿಗಳನ್ನು ಒಬ್ಬರಿಗೊಬ್ಬರು ಜಾಮೀನು ಹಾಕಿಸಿದಂತಿತ್ತು. ವಿಚಿತ್ರವೆಂದರೆ, ಇಲ್ಲಿ ಅದು ಫಲ ಕೊಟ್ಟಿತು.

ಉಳಿದವು ಕುಕ್ಕುತ್ತವೆಂದು ಬೇರೆ ಇಟ್ಟರೆ ಒಂಟಿತನಕ್ಕೆ ಕಿರುಚಾಟ. ಜೊತೆಗೊಂದು ಗಟ್ಟಿ ಮರಿ ಬಿಟ್ಟೆವು. ಅದು ರೋಗಿಯ ಪಾಲಿನ ನುಚ್ಚನ್ನೂ ತಿಂದು ಹಾಕಿತು. ಆದರೆ ಅದು ತಿನ್ನುವುದನ್ನು ನೋಡಿಯೇ ನಮ್ಮದೂ ಕುಕ್ಕಲು ಕಲಿಯಿತು. ಹೊಟ್ಟೆಕಿಚ್ಚಿನಷ್ಟು ಒಳ್ಳೆಯ ಟಾನಿಕ್ಕು ನಾನು ಬೇರೆ ಕಂಡಿಲ್ಲ.

ಹಿಂಭಾಗದ ವಿಷಯ ಹೇಳಬಾರದು, ಆದರೂ ಹೇಳುತ್ತೇನೆ. ಪ್ರಯಾಣದ ದಣಿವಿಗೆ ಹಿಕ್ಕೆ ಅಲ್ಲೇ ಮೆತ್ತಿಕೊಂಡು ಒಣಗಿ ದಾರಿ ಕಟ್ಟುತ್ತದೆ. ಬಿಟ್ಟರೆ ಮರಿ ಉಳಿಯದು. ಕಿತ್ತರೆ ಚರ್ಮ ಕೀಳುತ್ತದೆ. ಲಕ್ಷಗಳಿಗೆ ಸಹಿ ಹಾಕಿದ ಕೈಯಲ್ಲಿ ಬೆಚ್ಚನೆ ನೀರಿನ ಹತ್ತಿ ಹಿಡಿದು ನೆನೆಸಿ ನೆನೆಸಿ ಒರೆಸುತ್ತಿದ್ದೆ. ಆಗಲೇ ಹಳೆಯ ಸಾಲಗಾರನೊಬ್ಬ ಬಂದ. ಸ್ವಲ್ಪ ಹೊತ್ತು ನಿಂತು ನೋಡಿ, “ವಸೂಲಿಗೆ ಬಂದಾಗ ನಿಮ್ಮ ಕೈ ಇಷ್ಟು ಮೆತ್ತಗಿರ್ಲಿಲ್ಲ ಸಾರ್,” ಎಂದ.

ಏಳನೆಯ ದಿನ ಕೊಕ್ಕರೆ ರೋಗದ ಲಸಿಕೆ ಹಾಕಲು ಪಶುಸಖಿ ಐಸಿನ ಫ್ಲಾಸ್ಕು ಹಿಡಿದು ಬಂದಳು. ಪಟ್ಟಿ ಬಿಚ್ಚಿ ಮರಿಯನ್ನು ಗುಂಪಿಗೆ ಸೇರಿಸಿಯಾಗಿತ್ತು. “ಸಾಯ್ತಿದ್ದ ಮರಿ ಬದುಕಿಸಿದ್ರಂತೆ, ಯಾವುದು ಸಾರ್?” ಎಂದಳು. ನಾನೊಂದನ್ನು ತೋರಿಸಿದೆ. ಹೆಂಡತಿ ಇನ್ನೊಂದನ್ನು ಹಿಡಿದು, “ಇದೇ, ನನಗೆ ಗೊತ್ತಿಲ್ವ?” ಎಂದಳು. ಅವ್ವ ಮಂಕರಿ ಸರಿಸಿ ಮೂರನೆಯದನ್ನು ಎತ್ತಿಕೊಂಡಳು. ಬೆಲ್ಲದ ನೀರೋ, ಸೆರಗಿನ ಕಾವೋ, ಬ್ಯಾಂಡೇಜೋ ಎಂಬ ವಾದ ಹೊಸದಾಗಿ ಶುರುವಾಯಿತು. ಪಶುಸಖಿಗೆ ಮುಂದಿನ ಊರಿಗೆ ಹೋಗಬೇಕಿತ್ತು. ನಮ್ಮ ಮೂರೂ ಕೈಗಳಲ್ಲಿದ್ದ ಮೂರಕ್ಕೂ ಕಣ್ಣಿಗೊಂದೊಂದು ಹನಿ ಬಿಟ್ಟು, “ಮುಂದಿನದು ಹಿಡೀರಿ,” ಎಂದಳು.